ಪಂಕ್ಚರ್ ಅಂಗಡಿಯ ಎದುರು ಹೋದ ಗೂಡ್ಸ್ ಗಾಡಿ

ಆ ದಿನ ಸಂಭಾಜಿನಗರದ ರಸ್ತೆಯಲ್ಲಿ ನಾನು ಏನನ್ನಾದರೂ ನೋಡಿದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಅರ್ಧ ನೆನಪು, ಇನ್ನರ್ಧ ಆಮೇಲೆ ನಾನೇ ಕಟ್ಟಿಕೊಂಡದ್ದು ಎಂಬ ಅನುಮಾನ ಬರೆಯಲು ಕೂತಾಗಲೂ ಬಿಡುತ್ತಿಲ್ಲ. ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅವರ ದೆವ್ವಗಳೆಲ್ಲ ಬಿಳಿ ಸೀರೆ ಉಟ್ಟಿರುತ್ತವೆ, ಅವರ ಸಾಕ್ಷಿಗಳೆಲ್ಲ ತೀರಿಕೊಂಡಿರುತ್ತಾರೆ. ಆ ತಾತ್ಸಾರ ಈಗಲೂ ಕಡಿಮೆಯಾಗಿಲ್ಲ. ಅದರಲ್ಲಿ ನನಗೂ ಒಂದು ಪಾಲು ಸಿಗುತ್ತಿದೆ, ಅಷ್ಟೆ.

ನಾನು ಬೆಳೆದದ್ದು ನಾಸಿಕದಲ್ಲಿ. ಅಪ್ಪ ಧಾರವಾಡದಿಂದ ಓಝರ್ ಹತ್ತಿರದ ವಿಮಾನ ಕಾರ್ಖಾನೆಗೆ ಬಂದವರು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಲೇ, ನಗರಗಳೊಳಗಿನ ಸರಕು ರೈಲು ಮಾರ್ಗಗಳು ಹೇಗೆ ಸತ್ತವು ಎಂಬುದರ ಮೇಲೆ ಪಿಎಚ್‌ಡಿ ಮಾಡಿದೆ. ಮುಖ್ಯ ಮಾರ್ಗದಿಂದ ಕವಲೊಡೆದು, ಊರ ರಸ್ತೆ ದಾಟಿ, ನೇರ ಮಿಲ್ಲಿನ ಅಂಗಳಕ್ಕೇ ಹೋಗುತ್ತಿದ್ದ ಸೈಡಿಂಗ್ ಹಳಿಗಳವು. ಹತ್ತಿ, ಕಲ್ಲಿದ್ದಲು, ಸಿಮೆಂಟು ಎಲ್ಲ ಅವುಗಳ ಮೇಲೆ ಬರುತ್ತಿದ್ದವು. ಆಮೇಲೆ ಲಾರಿಗಳು ಬಂದವು, ಮಿಲ್ಲುಗಳು ಮುಚ್ಚಿದವು, ಹಳಿಗಳನ್ನು ಕೇಳುವವರಿಲ್ಲವಾಯಿತು. ನಮ್ಮ ಊರುಗಳಿಗೆ ಹಳೆಯದನ್ನು ಉಳಿಸಿಕೊಳ್ಳುವ ಅಕ್ಕರೆಯೂ ಇಲ್ಲ, ಸರಿಯಾಗಿ ಕಿತ್ತುಹಾಕುವ ಶಿಸ್ತೂ ಇಲ್ಲ. ಮೇಲೆ ಡಾಂಬರು ಸುರಿದು ಮರೆತುಬಿಡುತ್ತವೆ.

ಸಂಭಾಜಿನಗರದ ಹಳೆಯ ಕೈಗಾರಿಕಾ ಪ್ರದೇಶದಲ್ಲಿ ಅಂಥದೊಂದು ಸೈಡಿಂಗ್ ಇತ್ತು. ನಾನು ನೋಡುವ ಹೊತ್ತಿಗೆ ಉಳಿದಿದ್ದದ್ದು ರಸ್ತೆಯ ಬದಿಯಲ್ಲಿ ರೈಲಿನ ಚಿತ್ರವಿದ್ದ ತುಕ್ಕು ಹಿಡಿದ ಫಲಕ ಮಾತ್ರ. ಹಳಿ ಕಾಣುತ್ತಿರಲಿಲ್ಲ. ಗಾಡಿ ಓಡುವುದು ನಿಂತು ಒಂದು ತಲೆಮಾರೇ ಕಳೆದಿತ್ತು. ಆದರೂ ಆ ಫಲಕ ಬಂದೊಡನೆ ರಿಕ್ಷಾ, ಟೆಂಪೊ, ಕಾರುಗಳೆಲ್ಲ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದವು. ಕೆಲವರು ಎದೆ ಮುಟ್ಟಿಕೊಳ್ಳುತ್ತಿದ್ದರು. ಯಾರೋ ಫಲಕದ ಬುಡದಲ್ಲಿ ಕಲ್ಲೊಂದನ್ನು ನಿಲ್ಲಿಸಿ ಕುಂಕುಮ ಬಳಿದಿದ್ದರು. ‘ಬಾರದ ರೈಲಿಗೆ ಕಾಯುವ ಊರು’ ಎಂದು ತರಗತಿಯಲ್ಲಿ ಹೇಳಿ ನಾನು ಹುಡುಗರನ್ನು ನಗಿಸುತ್ತಿದ್ದೆ.

ಆ ರಸ್ತೆಯಲ್ಲೇ ನನ್ನ ಹೆಂಡತಿಯ ಅಣ್ಣ ರಘುರಾಮ ಭಾವನ ಹೋಟೆಲಿತ್ತು. ಅವರು ಕುಂದಾಪುರದ ಕಡೆಯವರು. ಹೊಸ ಮೇಲ್ಸೇತುವೆ ಆದಮೇಲೆ ಗಿರಾಕಿಗಳೆಲ್ಲ ತಲೆಯ ಮೇಲಿಂದಲೇ ಹೋಗತೊಡಗಿದ್ದರು. ವಾಳೂಜಿನ ಒಂದು ಕಾರ್ಖಾನೆಯ ಕ್ಯಾಂಟೀನ್ ಗುತ್ತಿಗೆ ಸಿಕ್ಕರೆ ಹೋಟೆಲು ಉಳಿಯುತ್ತಿತ್ತು. ಇಲ್ಲದಿದ್ದರೆ ಬಾಗಿಲು ಹಾಕಿ, ನಾಸಿಕ್ ರೋಡಿನಲ್ಲಿ ತಮ್ಮನ ಹೋಟೆಲಿನ ಗಲ್ಲಾದ ಮುಂದೆ ಕೂರಬೇಕಿತ್ತು. ಗುತ್ತಿಗೆ ಕೊಡುವ ಮೊದಲು ಕಾರ್ಖಾನೆಯವರು ಒಂದು ಮಧ್ಯಾಹ್ನದ ಊಟ ತರಲು ಹೇಳಿದ್ದರು. ಊಟದ ಸೈರನ್ನಿಗೆ ಮೊದಲು ಅಡುಗೆ ಅಲ್ಲಿರಬೇಕು, ಕಾರ್ಮಿಕರು ಉಂಡು ಒಪ್ಪಬೇಕು.

ದೀಪಾವಳಿ ರಜೆಗೆ ನಾವು ಅಲ್ಲಿಗೆ ಹೋಗಿದ್ದೆವು. ಊಟ ಒಯ್ಯಬೇಕಿದ್ದ ದಿನ ಬೆಳಿಗ್ಗೆ ಕಾದ ಎಣ್ಣೆ ಸಿಡಿದು ಭಾವನ ಬಲಗೈ ಸುಟ್ಟಿತು. ಡ್ರೈವರ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಹಾಗಾಗಿ ಹೋಟೆಲಿನ ವ್ಯಾನ್ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು.

“ನಿಧಾನ ಬಿಡಿ ಡಾಕ್ಟ್ರೇ, ಹಿಂದೆ ಇರುವುದು ಸಾಂಬಾರು. ನಿಮ್ಮ ಥೀಸಿಸ್ ಅಲ್ಲ. ಇದು ಚೆಲ್ಲಿದ್ರೆ ಕೇಳುವವರು ಉಂಟು,” ಎಂದರು ಭಾವ. ನನ್ನ ಪಿಎಚ್‌ಡಿಯ ಬಗ್ಗೆ ಅವರಿಗಿದ್ದ ಗೌರವ ಅಷ್ಟೇ.

ಫಲಕ ಕಂಡಾಗ, “ಬೋರ್ಡ್ ಬಂತು, ಒಮ್ಮೆ ನಿಲ್ಲಿಸಿ,” ಎಂದರು.

“ಯಾಕ್ರಿ ಭಾವ, ಟಿಕೆಟ್ ತಗೋಬೇಕೇನು?”

“ಗಾಡಿ ಕಲಿಸುವಾಗ ಅಪ್ಪ ಇಲ್ಲಿ ನಿಲ್ಲಿಸ್ಲಿಕ್ಕೆ ಹೇಳಿದ್ರು, ನಿಲ್ಲಿಸ್ತೇನೆ. ಭೂತ ಗೀತ ಎಲ್ಲ ನಂಗೆ ಗೊತ್ತಿಲ್ಲ ಮಾರಾಯ್ರೆ.”

ನಾನು ನಿಲ್ಲಿಸಲಿಲ್ಲ. ಬೇಕೆಂದೇ ವೇಗ ಹೆಚ್ಚಿಸಿದೆ. ಫಲಕ ದಾಟಿ ಸಾಕಷ್ಟು ಮುಂದೆ ಹೋದ ಮೇಲೆ, ಖಾಕಿ ಅಂಗಿಯ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ರಸ್ತೆಗಿಳಿದ. ಬ್ರೇಕ್ ಒತ್ತಿದೆ. ಅವನು ನಮ್ಮ ಕಡೆ ನೋಡಲಿಲ್ಲ. ಅವನ ಹಿಂದೆಯೇ ಗೂಡ್ಸ್ ವ್ಯಾಗನ್ನುಗಳು ರಸ್ತೆಗೆ ಅಡ್ಡವಾಗಿ ಬಂದವು. ಮಾಸಿದ ಕಂದು ಬಣ್ಣ, ಬದಿಗೆ ಸೀಮೆಸುಣ್ಣದ ಗೀಚು, ಬಾಗಿಲ ಸಂದಿಯಲ್ಲಿ ಹತ್ತಿಯ ಎಳೆಗಳು. ನಡೆಯುವವನ ವೇಗದಲ್ಲಿ ಹೋಗುತ್ತಿದ್ದವು. ಎಂಜಿನ್ ಕಂಡ ನೆನಪಿಲ್ಲ.

ನನಗೆ ಭಯವಾಗಲಿಲ್ಲ. ಸಿಟ್ಟು ಬಂತು. ಈ ಸೈಡಿಂಗ್ ಇನ್ನೂ ಬಳಕೆಯಲ್ಲಿದೆ, ನನಗೆ ಒಬ್ಬರೂ ಹೇಳಿಲ್ಲ, ನನ್ನ ಪ್ರಬಂಧದ ಒಂದು ಅಧ್ಯಾಯವೇ ತಪ್ಪಾಯಿತಲ್ಲ ಎಂಬುದಷ್ಟೇ ಆಗ ಹೊಳೆದದ್ದು. ಕೊನೆಯ ವ್ಯಾಗನ್ ದಾಟಿದ ಮೇಲೆ ಗೇರ್ ಹಾಕಿದೆ. ಆಗಲೇ ಹಿಂದಿನ ವಾಹನಗಳ ಹಾರ್ನ್ ಕೇಳಿಸಿತು, ಭಾವನ ಎಡಗೈ ನನ್ನ ಭುಜ ಅಲ್ಲಾಡಿಸುತ್ತಿದ್ದದ್ದೂ ಗೊತ್ತಾಯಿತು.

“ಎಂತ ಆಯ್ತು ನಿಮಗೆ? ಕಾಲು ಗಂಟೆಯಿಂದ ಕರೆದು ಕರೆದು ಗಂಟಲು ಒಣಗಿತು.”

“ಗೂಡ್ಸ್ ಹೋಗಬೇಕಿತ್ತಲ್ರಿ.”

“ಯಾವ ಗೂಡ್ಸು?” ಎಂದು ಅವರು ನನ್ನ ಮುಖವನ್ನೇ ನೋಡಿದರು. “ಬೋರ್ಡು ಹಿಂದೆ ಹೋಯ್ತು. ಇದು ಪಂಕ್ಚರ್ ಅಂಗಡಿ.”

ನಾವು ವಾಳೂಜ್ ತಲುಪುವಾಗ ಸೈರನ್ ಆಗಿಹೋಗಿತ್ತು. ಕಾರ್ಮಿಕರು ಬೇರೆ ಯಾರದೋ ಪುಲಾವ್ ಉಣ್ಣುತ್ತಿದ್ದರು. ಕ್ಯಾಂಟೀನಿನ ಮ್ಯಾನೇಜರ್ ನಮ್ಮ ಪಾತ್ರೆಗಳ ಮುಚ್ಚಳ ಕೂಡ ತೆಗೆಸಲಿಲ್ಲ. “ಆತಾ ಕಾಯ್ ಉಪಯೋಗ್, ಶೇಠ್?” ಎಂದ. ಇನ್ನೇನು ಉಪಯೋಗ ಎಂದು. ಭಾವ ಪಾತ್ರೆಗಳನ್ನು ಮತ್ತೆ ವ್ಯಾನಿಗೆ ಹೇರಿಸಿದರು. ಬರುವ ದಾರಿಯಲ್ಲಿ ಅವರು ಸುಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಯುಗಾದಿಗೆ ಮೊದಲೇ ಹೋಟೆಲು ಮುಚ್ಚಿತು. ಈಗ ಅವರು ತಮ್ಮನ ಗಲ್ಲಾದಲ್ಲಿದ್ದಾರೆ. ಮದುವೆ, ಉಪನಯನಗಳಲ್ಲಿ ನನ್ನನ್ನು ಕಂಡರೆ ನಾಲ್ಕು ಜನರ ಎದುರು, “ಟಯರ್ ಸರಿ ಇದ್ದಾಗಲೇ ಪಂಕ್ಚರ್ ಅಂಗಡಿ ಎದುರು ನಿಲ್ಲಿಸುವುದು ನಮ್ಮ ಡಾಕ್ಟ್ರು ಒಬ್ಬರೇ,” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಅವರ ಮಾತಿನಲ್ಲಿ ದ್ವೇಷವಿಲ್ಲ, ಅದೇ ನನಗೆ ಕಷ್ಟ.

ವಿವರಣೆಗಳನ್ನು ನಾನು ಹುಡುಕದೆ ಬಿಟ್ಟಿಲ್ಲ. ನರರೋಗ ತಜ್ಞರ ಬಳಿ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದೆ, ಏನೂ ಸಿಗಲಿಲ್ಲ. ಪ್ರಬಂಧಕ್ಕಾಗಿ ನೋಡಿದ ಹಳೆಯ ಫೋಟೊಗಳೇ ಕಣ್ಣ ಮುಂದೆ ಬಂದಿರಬಹುದು. ಆ ಸಂಜೆ ನಾನು ಒಂದೇ ವ್ಯಾಗನ್ ಎಂದು ಹೇಳಿದ್ದೆ, ಈಗ ಸಾಲು ಎನ್ನುತ್ತಿದ್ದೇನೆ ಎಂದು ಹೆಂಡತಿ ಹೇಳುತ್ತಾಳೆ. ಅವಳು ಸುಳ್ಳು ಹೇಳುವವಳಲ್ಲ. ನನ್ನ ವಿದ್ಯಾರ್ಥಿ ಇಂಥ ಸಾಕ್ಷ್ಯ ತಂದಿದ್ದರೆ ಹರಿದು ಬಿಸಾಡುತ್ತಿದ್ದೆ.

ಹೋದ ವರ್ಷ ನೀರಿನ ಪೈಪಿಗಾಗಿ ಆ ರಸ್ತೆಯನ್ನು ಉದ್ದಕ್ಕೆ ಅಗೆದರು. ಸುದ್ದಿ ತಿಳಿದು ನಾಸಿಕದಿಂದ ಹೋದೆ. ಫಲಕದ ಬುಡದಲ್ಲಿ, ಊರೆಲ್ಲ ನಿಂತು ಎದೆ ಮುಟ್ಟಿಕೊಳ್ಳುವ ಆ ಜಾಗದಲ್ಲಿ, ಕಂದಕದ ತುಂಬ ಮಣ್ಣು ಮತ್ತು ಜಲ್ಲಿ. ರಸ್ತೆ ಅಗಲ ಮಾಡುವಾಗ ಗುತ್ತಿಗೆದಾರ ಫಲಕವನ್ನು ಕಿತ್ತು ತನಗೆ ಅನುಕೂಲವಾದಲ್ಲಿ ನೆಟ್ಟಿರಬೇಕು. ಅದನ್ನೇ ನಂಬಿ ನನ್ನ ಪ್ರಬಂಧದ ನಕ್ಷೆಯಲ್ಲಿ ನಾನೂ ಹಳಿಯನ್ನು ಅಲ್ಲೇ ಎಳೆದಿದ್ದೇನೆ. ನಿಜವಾದ ಹಳಿಗಳು ಬಹಳ ಮುಂದೆ, ಡಾಂಬರಿನ ಅಡಿಯಲ್ಲಿ, ಪಂಕ್ಚರ್ ಅಂಗಡಿಯ ನೇರಕ್ಕೆ ರಸ್ತೆಯನ್ನು ದಾಟಿದ್ದವು. ಕೆಲಸಗಾರರು ಅವನ್ನು ಗ್ಯಾಸಿನಿಂದ ಕತ್ತರಿಸುತ್ತಿದ್ದರು.

ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು.

“ಹಳಿ ಸಿಕ್ಕಿದ್ರೆ ಹೋಟೆಲ್ ವಾಪಸ್ ಬರ್ತದಾ ಡಾಕ್ಟ್ರೇ?” ಎಂದರು. ಮತ್ತೆ, “ಆ ಅಂಗಡಿ ಮೊದಲು ಬೇರೆ ಕಡೆ ಇತ್ತೋ ಏನೋ. ನೋಡಿ,” ಎಂದರು.

ನೋಡಿದೆ. ಅಂಗಡಿಯವನನ್ನೂ, ಎದುರಿನ ಗ್ಯಾರೇಜಿನವನನ್ನೂ ಬೇರೆ ಬೇರೆಯಾಗಿ ವಿಚಾರಿಸಿದೆ. ಆ ಪಂಕ್ಚರ್ ಅಂಗಡಿ ಶುರುವಾದಂದಿನಿಂದ ಅದೇ ಜಾಗದಲ್ಲಿದೆ.