ಒಂದೇ ಸಾಲಿನ ಕಾಫಿ

ಕೊಟ್ಟೂರಿನ ಖಾನಾವಳಿಯೊಂದಕ್ಕೆ ಮಾರಲೆಂದು ಮೂರು ಪೊಟ್ಟಣ ಕಾಫಿಪುಡಿ ಒಯ್ದಿದ್ದೆ. ಒಂದು ಕೊಡಗಿನದು, ಒಂದು ಬಾಬಾಬುಡನಗಿರಿಯದು, ಇನ್ನೊಂದು ಆಂಧ್ರದ ಅರಕು ಕಣಿವೆಯದು. ಒಂದೊಂದರ ಮೇಲೂ ಬೆಳೆದವರ ಹೆಸರಿತ್ತು.

"ಬೇರೆ ಬೇರೆ ಮಾಡಿ ರುಚಿ ನೋಡ್ರಿ" ಅಂದೆ. ಯಜಮಾನಿ ಗೌರಮ್ಮ ಮೂರನ್ನೂ ಒಂದೇ ಪಾತ್ರೆಗೆ ಸುರಿದು, ಬೆಲ್ಲ ಹಾಕಿ ಕುದಿಸಿ, ಉಂಡು ಕೂತವರಿಗೆಲ್ಲ ಕೊಟ್ಟುಬಿಟ್ಟರು. ನನಗೆ ಸಿಟ್ಟೇ ಬಂತು.

"ಒಂದ ಸಾಲಿನ್ಯಾಗ ಕುಂತೋರಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಡಬಾರ್ದ್ರಿ. ಮೊದ್ಲ ಕುಡ್ದು ನೋಡ್ರಿ" ಅಂದರು.

ಕುಡಿದೆ. ಎರಡನೇ ಲೋಟಕ್ಕೂ ಕೈ ಚಾಚಿದೆ.

ಈಗ ಆ ಮೂರನ್ನೂ ಬೆರೆಸಿಯೇ ಮಾರುತ್ತೇನೆ. ಒಬ್ಬರ ಮುಖ ಒಬ್ಬರು ಕಾಣದ ಮೂವರು ಬೆಳೆಗಾರರ ಹೆಸರು ಪೊಟ್ಟಣದ ಮೇಲೆ ಒಂದೇ ಸಾಲಿನಲ್ಲಿ ಕೂತಿದೆ. ಸಾಲಿನ ಮೊದಲಿಗೆ ತಮ್ಮ ಹೆಸರೇ ಇರಲಿ ಎಂದು ಮೂವರೂ ಫೋನ್ ಮಾಡುತ್ತಿರುತ್ತಾರೆ.