ಭಕ್ತಿಯ ಮೊದಲ ಉಡಿ

ಭಾಲ್ಕಿಯಲ್ಲಿ ಗಂಡನ ಓಣಿಯವರು ಭಕ್ತಿಯನ್ನು ಹೊಗಳಿದ್ದೇ ಹೊಗಳಿದ್ದು. ಹೊಸ ಸೊಸೆ ಬಂಗಾರದಂಥವಳು, ಯಾರ ಸೀರೆ ನೋಡಿಯೂ ಯಾರ ಸರ ನೋಡಿಯೂ ಕರುಬುವವಳಲ್ಲ ಅಂತ. ಅಯ್ಯೋ ಪಾಪ, ಅವರಿಗೇನು ಗೊತ್ತು! ಸಾಲಿ ಹುಡುಗಿಯಾಗಿದ್ದಾಗಿನಿಂದ ಅವಳ ಹೊಟ್ಟೆಯೊಳಗೆ ಒಂದು ಕೆಂಡವಿದೆ, ಅದೂ ಹೆತ್ತ ತಾಯಿಯ ಮೇಲೆ.

ಅಪ್ಪ ಪಾಂಡುರಂಗ ಗಡಿಯಾಚೆ ದೇಗಲೂರು ಕಡೆಯವನು. ಹೊಲದ ಬದುವಿನ ಸಲುವಾಗಿ ಹೆಂಡತಿಯ ಅಣ್ಣತಮ್ಮಂದಿರ ಜೊತೆ ಬಡಿದಾಡಿ, ಇನ್ನು ನಿಮಗೂ ನಮಗೂ ಸಂಬಂಧವಿಲ್ಲ ಎಂದು ಹೇಳಿ, ಹೆಂಡತಿ ಕಾವೇರಿಬಾಯಿಯನ್ನೂ ಮಗಳು ಭಕ್ತಿಯನ್ನೂ ಕರೆದುಕೊಂಡು ಔರಾದಿಗೆ ಬಂದ. ಅಲ್ಲಿಯೂ ಜಗಳ. ಕಡೆಗೆ ಬೀದರಿನ ಚಿದ್ರಿಯಲ್ಲಿ ಒಂದು ಬಾಡಿಗೆ ಖೋಲಿ, ಊರ ಪಕ್ಕದ ಕೊಳಾರದ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ಊರು ಬದಲಾಯಿತೇ ಹೊರತು ಅವನ ಕೈ ಸುಮ್ಮನಾಗಲಿಲ್ಲ. ಹೆಂಡತಿಗೆ ಹೊಡೆದಾದ ಮೇಲೆ ದಿನಾ ಅದೇ ಮಾತು: “ಎಲ್ಲಿ ಹೋಗ್ತಿ ಹೋಗು, ತವರಿಲ್ಲದಾಕಿ!” ಕಾವೇರಿಬಾಯಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳ ಆ ಸಿಟ್ಟು ಮಗಳ ಬೆನ್ನ ಮೇಲೆ ಏಟಾಗಿ ಇಳಿಯುತ್ತಿತ್ತು.

ಭಕ್ತಿ ಓಡುತ್ತಿದ್ದದ್ದು ಪಕ್ಕದ ಮನೆಯ ಈರಮ್ಮನ ಹತ್ತಿರ. ಈರಮ್ಮನಿಗೆ ಮಕ್ಕಳಿಲ್ಲ, ಗಂಡ ಬಸ್ ಡ್ರೈವರ್, ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಒಲೆಯ ಪಕ್ಕದ ಮಣೆ ಭಕ್ತಿಯದು. ಬಿಸಿ ರೊಟ್ಟಿ, ಪುಂಡಿಪಲ್ಯ, ಆಮೇಲೆ ತಲೆಗೆ ಎಣ್ಣೆ. “ನನ್ನ ಮಗಳs ನೀ,” ಅನ್ನುತ್ತಿದ್ದಳು ಈರಮ್ಮ. ಮನೆಯಲ್ಲಿ ತಾಯಿಗೆ ಆಯಿ ಅನ್ನುತ್ತಿದ್ದ ಹುಡುಗಿ ಇವಳಿಗೆ ಅವ್ವ ಅನ್ನತೊಡಗಿದಳು.

ಶ್ರಾವಣದ ಒಂದು ಮಧ್ಯಾಹ್ನ ಸಾಲಿ ಬಿಟ್ಟು ಬಂದು ನೋಡುತ್ತಾಳೆ, ಆ ಮಣೆಯ ಮೇಲೆ ಆಯಿ ಕೂತಿದ್ದಾಳೆ! ಕಣ್ಣು ಮುಚ್ಚಿಕೊಂಡು, ಕೂದಲು ಬಿಚ್ಚಿಕೊಂಡು. ಈರಮ್ಮ ಅವಳ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಾಳೆ. ಭಕ್ತಿಗೆ ಮೈಯೆಲ್ಲ ಉರಿದುಹೋಯಿತು. ಜಗತ್ತಿನಲ್ಲಿ ತನ್ನದು ಅಂತ ಇದ್ದದ್ದು ಒಂದೇ ಮಣೆ. ಅದಕ್ಕೂ ಬಂದಳಲ್ಲ!

ಅಷ್ಟಕ್ಕೇ ಮುಗಿಯಲಿಲ್ಲ. ನಾಗರಪಂಚಮಿ ಬಂತು. ಈರಮ್ಮ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಕಾವೇರಿಬಾಯಿಯನ್ನು ಕೂರಿಸಿ ತೂಗಿದಳು. ಆಯಿ ನಕ್ಕದ್ದನ್ನು ಭಕ್ತಿ ನೋಡಿದ್ದು ಅವತ್ತೇ ಮೊದಲು. ಆ ನಗುವೂ ಅವಳಿಗೆ ಸೇರಲಿಲ್ಲ. ಸಂಜೆ ಈರಮ್ಮ ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಖಣ ಸೆರಗಿನಲ್ಲಿಟ್ಟು, ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ ಕಾವೇರಿಬಾಯಿಯ ಉಡಿ ತುಂಬಿದಳು. “ಇವತ್ತಿನಿಂದ ಇದs ನಿನ್ನ ತವರು,” ಅಂದಳು.

ಭಕ್ತಿ ಲಂಗ ಒಡ್ಡಿಕೊಂಡು ನಡುವೆ ನುಗ್ಗಿದಳು. “ನನಗೂ ತುಂಬವ್ವ!”

ಈರಮ್ಮ ನಕ್ಕುಬಿಟ್ಟಳು. “ಹುಚ್ಚಿ, ಮದಿವಿ ಆಗಲಿ ತಡಿ. ಈಗ ನೀ ನನ್ನ ಮೊಮ್ಮಗಳು.”

ಮೊಮ್ಮಗಳಂತೆ! ಮಗಳ ಜಾಗ ಆಯಿಗೆ ಹೋಯಿತು. ಮದುವೆಯಾಗಲಿ, ಮೊದಲ ಪಂಚಮಿಗೆ ಬಂದಾಗ ನನ್ನ ಮೊದಲ ಉಡಿ ಅವ್ವನೇ ತುಂಬಬೇಕು, ಆಯಿ ನಿಂತು ನೋಡಬೇಕು ಎಂದು ಭಕ್ತಿ ಅವತ್ತೇ ಹಟ ಹಿಡಿದಳು.

ಮುಂದಿನ ಜಗಳದಲ್ಲಿ ಪಾಂಡುರಂಗ ತನ್ನ ಹಳೆಯ ಮಾತನ್ನೇ ಆಡಿದ. ಕಾವೇರಿಬಾಯಿ ಎದ್ದು, “ತವರಿಗಿ ಹೋಗ್ತೇನಿ,” ಎಂದು ಪಕ್ಕದ ಮನೆಗೆ ನಡೆದೇಬಿಟ್ಟಳು. ಭಕ್ತಿ ಹೋಗಲಿಲ್ಲ. ಅಪ್ಪನಿಗೆ ಹಸಿಬಿಸಿ ರೊಟ್ಟಿ ಬಡಿದು ಹಾಕುತ್ತ, ಗೋಡೆಯಾಚೆ ಅವರಿಬ್ಬರೂ ಮಾತಾಡುವುದನ್ನು ಕೇಳಿ ಕುದ್ದಳು. ಕಡೆಗೆ ಪಾಂಡುರಂಗ ತಲೆ ತಗ್ಗಿಸಿಕೊಂಡು ಈರಮ್ಮನ ಬಾಗಿಲಿಗೆ ಹೋಗಿ ನಿಂತ.

“ಬರ್ರಿ ಅಳ್ಯಾನೋರೆ, ಕುಂಡ್ರಿ, ನೀರ ಕುಡೀರಿ,” ಅಂದಳು ಈರಮ್ಮ. “ಇನ್ನೊಮ್ಮಿ ನನ್ನ ಮಗಳ ಮ್ಯಾಲ ಕೈ ಎತ್ತಿದ್ರಿ ಅಂದ್ರ ಕಳಸಂಗಿಲ್ಲ, ಹೇಳೇನಿ ನೋಡ್ರಿ.”

ಅವನು ನೀರು ಕುಡಿದು ಹೂಂ ಅಂದ. ಬೈಗುಳ ನಿಲ್ಲಲಿಲ್ಲ, ಆದರೆ ಹೊಡೆತ ನಿಂತಿತು. ಮನೆ ತಣ್ಣಗಾಯಿತು. ಭಕ್ತಿ ಮಾತ್ರ ತಣ್ಣಗಾಗಲಿಲ್ಲ.

ಹೋದ ವರ್ಷ ಮದುವೆ, ಈ ವರ್ಷ ಮೊದಲ ಪಂಚಮಿ. ಭಾಲ್ಕಿಯ ಬಸ್ಸಿಳಿದ ಭಕ್ತಿ ಚಿದ್ರಿಯಲ್ಲಿ ತಾಯಿಯ ಬಾಗಿಲನ್ನು ದಾಟಿ ಸೀದಾ ಈರಮ್ಮನ ಅಡುಗೆಮನೆಗೆ ಹೋಗಿ ಆ ಮಣೆಯ ಮೇಲೆ ಕೂತಳು. ಸೆರಗೊಡ್ಡಿದಳು. “ತುಂಬವ್ವ.”

ಈರಮ್ಮನ ಮುಖ ಸಪ್ಪಗಾಯಿತು. “ಮೊದಲಿನ ಉಡಿ ಹೆತ್ತಾಕಿದು. ನಾ ಹ್ಯಾಂಗ ತುಂಬಲಿ?”

“ಆಕಿ ನನ್ನ ಅವ್ವನ್ನ ಕಸ್ಕೊಂಡಾಳ!”

ಬಾಗಿಲಲ್ಲಿ ಅಕ್ಕಿಯ ತಾಟು ಹಿಡಿದುಕೊಂಡು ಕಾವೇರಿಬಾಯಿ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು.

“ಅವತ್ತು ಈ ಮಣಿ ಮ್ಯಾಲ ನನ್ನ ನೋಡಿದಿಯಲ್ಲ, ನಾ ಇಲ್ಲಿ ಎಣ್ಣಿ ಹಚ್ಚಿಸ್ಕೊಳ್ಲಾಕ ಬಂದಿದ್ದೆ ಅಂತ ತಿಳಿದಿ ಏನು?” ಅಂದಳು. “ಜಗಳ ತೆಗಿಲಾಕ ಬಂದಿದ್ದೆ. ನನ್ನ ಮಗಳು ನಿನಗ ಅವ್ವ ಅಂತಾಳ, ನನ್ನ ಕಂಡ್ರ ಮಾರಿ ತಿರಗಸ್ತಾಳ, ನನ್ನ ಮಗಳನ್ನ ನನಗ ಕೊಡು ಅಂತ ಹೊರಗ ಅಂಗಳದಾಗ ನಿಂತು ಒದರಿದ್ದೆ.”

“ಹೌದು,” ಅಂದಳು ಈರಮ್ಮ. “ಒದರಿ ಒದರಿ ಅಳ್ಲಾಕ ಹತ್ತಿದ್ಲು. ತಲಿ ಎಣ್ಣಿ ಕಂಡು ಎಷ್ಟು ದಿನಾಗಿತ್ತೋ. ಕುಂಡ್ರವ್ವ ಅಂದೆ.”

ಭಕ್ತಿ ಒಡ್ಡಿದ್ದ ಸೆರಗನ್ನು ಕೆಳಗಿಳಿಸಿದಳು. ಇಷ್ಟು ವರ್ಷ ತಾನೊಬ್ಬಳೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದಳು. ತನ್ನ ಸಲುವಾಗಿಯೂ ಒಬ್ಬರ ಹೊಟ್ಟೆ ಉರಿದಿತ್ತು ಅನ್ನುವುದು ಅವಳಿಗೆ ಹೊಸ ಸುದ್ದಿ.

“ಭಾಳ ಉರಿದಿತ್ತೇನು?” ಎಂದು ಕೇಳಿದಳು.

“ಭಾಳಂದ್ರ ಭಾಳ. ಈಗ ನನ್ನ ಬಾಗಿಲ ದಾಟಿ ಬಂದಿ ನೋಡು, ಈಗೂ ಉರಿಲಿಕತ್ತದ.”

ಭಕ್ತಿ ಮಣೆಯನ್ನು ಜರುಗಿಸಿ ತಿರುಗಿ ಕೂತು ತಾಯಿಯ ಮುಂದೆ ಸೆರಗೊಡ್ಡಿದಳು. “ತುಂಬು ಆಯಿ. ಹಿಡಿ ತುಂಬ ಹಾಕು.”