ಗೆದ್ದ ಸೇನಾಪತಿಯನ್ನು ಸೋಲಿಸಿದವರು

ನಾನು ನಿವೃತ್ತಳಾಗುವ ಹಿಂದಿನ ವರ್ಷ ಪಾಂಡವಪುರದ ಒಂದು ಪಿ.ಯು. ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿದ್ದೆ. ಆ ಸಲದ ವಾರ್ಷಿಕೋತ್ಸವದ ಭಾಷಣಕ್ಕೆ ಕೆ.ಆರ್. ಪೇಟೆ ಕಡೆಯ ರುಕ್ಮಿಣಿ ಎಂಬ ವಿದ್ಯಾರ್ಥಿನಿ ಇಬ್ಬರು ಪ್ರಾಚೀನ ಸೇನಾಪತಿಗಳನ್ನು ಆರಿಸಿಕೊಂಡಳು. ಆನೆಗಳೊಡನೆ ಆಲ್ಪ್ಸ್ ಪರ್ವತ ದಾಟಿ ರೋಮನ್ನು ನಡುಗಿಸಿದ ಕಾರ್ಥೇಜಿನ ಹ್ಯಾನಿಬಲ್ ಒಬ್ಬ. ಕೊನೆಗೆ ಅವನನ್ನು ಸೋಲಿಸಿದ ರೋಮಿನ ಸಿಪಿಯೋ ಇನ್ನೊಬ್ಬ.

ಸೋತ ಹ್ಯಾನಿಬಲ್ ದೇಶಾಂತರ ಅಲೆದು, ಶತ್ರುವಿನ ಕೈಗೆ ಸಿಗಬಾರದೆಂದು ವಿಷ ಕುಡಿದ. ಗೆದ್ದ ಸಿಪಿಯೋನ ಮೇಲೆ ಅವನ ಊರಿನವರೇ ಹಣದ ಆರೋಪ ಹೊರಿಸಿದರು. ಬೇಸತ್ತು ರೋಮ್ ಬಿಟ್ಟು ಹೋದವನು ದೂರದಲ್ಲೇ ಸತ್ತ. ಇಷ್ಟನ್ನೂ ಸೊಗಸಾಗಿ ಹೇಳಿದ ರುಕ್ಮಿಣಿ, "ಒಬ್ಬನ್ನ ಶತ್ರುಗಳು ಸೋಲಿಸಿದ್ರು, ಇನ್ನೊಬ್ಬನ್ನ ಜೊತೇಲಿ ಉಂಡೋರೇ ಸೋಲಿಸಿದ್ರು" ಎಂದು ಮುಗಿಸಿದಳು.

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರ ಕಣ್ಣೂ ಮುಖ್ಯ ಅತಿಥಿ ಚಿಕ್ಕೇಗೌಡರ ಮೇಲೆ. ಹಿಂದಿನ ತಿಂಗಳಷ್ಟೇ ಅವರ ಬಣದವರೇ ಕೈಕೊಟ್ಟು ಅವರನ್ನು ಹಾಲಿನ ಸೊಸೈಟಿಯ ಅಧ್ಯಕ್ಷಗಿರಿಯಿಂದ ಇಳಿಸಿದ್ದರು. ನಮ್ಮ ಸೀಮೆಯಲ್ಲಿ ರೋಮಿನ ಕಥೆ ಹೇಳಿದರೂ ಜನ ಅದರಲ್ಲಿ ಡೇರಿ ರಾಜಕೀಯವನ್ನೇ ಹುಡುಕುತ್ತಾರೆ. ಗೌಡರೂ ಹುಡುಕಿದರು, ಎದ್ದು ಹೊರಟೇಬಿಟ್ಟರು.

ಪ್ರಿನ್ಸಿಪಾಲರು ಅವರ ಹಿಂದೆಯೇ ಗೇಟಿನವರೆಗೆ ಓಡಿ, ಒಬ್ಬರೇ ವಾಪಸು ಬಂದರು. "ಅವಳು ಗೌಡರ ಕ್ಷಮೆ ಕೇಳಲಿ. ಇಲ್ಲದಿದ್ದರೆ ಟಿ.ಸಿ. ಕೊಟ್ಟು ಕಳಿಸೋಣ" ಎಂದರು. ಪರೀಕ್ಷೆಗೆ ಮುಂಚೆ ವರ್ಗಾವಣೆ ಪತ್ರ ಕೈಗಿಟ್ಟರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು.

"ಪಾಠ ಮಾಡಿದವಳು ನಾನು. ಮೊದಲು ನನ್ನನ್ನು ಕಳಿಸಿ" ಎಂದೆ.

ಮಾರನೆಯ ದಿನ ರುಕ್ಮಿಣಿಯನ್ನು ಕರೆದುಕೊಂಡು ಗೌಡರ ಮನೆಗೆ ಹೋದೆ. ಕ್ಷಮೆ ಕೇಳುವುದಕ್ಕಲ್ಲ. ಜಗಲಿಯ ಮೇಲೆ ಕೂತಿದ್ದ ಅವರ ಮುಂದೆ ಭಾಷಣವನ್ನು ಮೊದಲಿಂದ ಹೇಳಿಸಿದೆ. ಗೌಡರು ಹುಬ್ಬು ಗಂಟಿಕ್ಕಿಕೊಂಡೇ ಕೇಳಿದರು.

"ನನ್ನ ಸೋತೋನು ಅಂತ ಸಭೇಲಿ ಆಡ್ಕಂಡೆ ಅಲ್ವೇನವ್ವ?"

ಹುಡುಗಿ ತಲೆ ತಗ್ಗಿಸಲಿಲ್ಲ. "ನಿಮ್ ಸುದ್ದೀನೇ ಎತ್ಲಿಲ್ಲ ತಾತ. ಸಿಪಿಯೋ ಸೋತ ಅಂದೆ. ಸಣ್ಣೋನು ಅನ್ಲಿಲ್ಲ."

ಗೌಡರು ಹುಬ್ಬಿನ ಗಂಟು ಸಡಿಲಿಸಿ, ಅವಳಿಗೆ ಜಗಲಿಯ ಮೇಲೆ ಕೂರಲು ಜಾಗ ಬಿಟ್ಟರು.

"ಅವ್ನು ಊರು ಬುಟ್ಟೋದ್ನಲ್ಲ, ಅದೇ ತಪ್ಪು ಕಣವ್ವ. ನಾನು ಎಲ್ಗೂ ಓಗಕಿಲ್ಲ. ಬರೋ ಎಲೆಕ್ಷನ್ಗೆ ಮತ್ತೆ ನಿಲ್ತೀನಿ" ಎಂದವರೇ ಪ್ರಿನ್ಸಿಪಾಲರಿಗೆ ಫೋನು ಮಾಡಿ, ಟಿ.ಸಿ. ಮಾತು ಎತ್ತಕೂಡದೆಂದು ಹೇಳಿದರು.

ಕಾಲೇಜಿಗೆ ಮರಳಿದಾಗ ಪ್ರಿನ್ಸಿಪಾಲರು ಕೇಳಿದ್ದು ಒಂದೇ ಮಾತು: "ಕ್ಷಮೆ ಕೇಳಿದಳು ತಾನೆ?"

"ಇಲ್ಲ" ಎಂದೆ. ಕ್ಲಾಸಿಗೆ ಹೊತ್ತಾಗಿತ್ತು, ಹೊರಟೆ.

ರಾಜರ, ಸೇನಾಪತಿಗಳ ಏಳುಬೀಳನ್ನು ಅಷ್ಟು ವರ್ಷ ಬೋಧಿಸಿದ ಮೇಲೆ ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ನಿಜ ಹೇಳಿದ್ದಕ್ಕೆ ಮಕ್ಕಳ ಕೈಲಿ ಕ್ಷಮೆ ಕೇಳಿಸುವ ಮೇಷ್ಟರು ಪಾಠ ಮಾಡದಿರುವುದೇ ವಾಸಿ.